ಹೃದಯಕ್ಕೆ ನರ ಹೇಳುವ ಮಾತು: ವಿಜ್ಞಾನಿ ಆಟೊ ಲೋವಿಯವರ ಜೀವನ

ಪರೀಕ್ಷೆಯ ಹಾಲ್‌ನಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬರುವ ಮೊದಲಿನ ಎರಡು ನಿಮಿಷ ಹೇಗಿರುತ್ತದೆ ಎಂದು ನಮಗೆಲ್ಲ ಗೊತ್ತು. ಓಡಿ ಬಂದಿರುವುದಿಲ್ಲ, ಮೆಟ್ಟಿಲು ಹತ್ತಿರುವುದಿಲ್ಲ, ಬೆಂಚಿನ ಮೇಲೆ ಸುಮ್ಮನೆ ಕುಳಿತಿರುತ್ತೇವೆ. ಆದರೂ ಎದೆ ಡವಡವ ಎನ್ನುತ್ತದೆ. ಉರ್ದು ಮಾತಾಡುವ ನಮ್ಮ ಮನೆಗಳಲ್ಲಿ ಇದಕ್ಕೆ ಘಬ್ರಾಹಟ್ ಎನ್ನುತ್ತಾರೆ. ಪತ್ರಿಕೆ ಬಿಡಿಸಿ ನೋಡಿ, ಮೊದಲ ಪ್ರಶ್ನೆ ಓದಿದ್ದೇ ಬಂದಿದೆ ಎಂದು ತಿಳಿದರೆ ಎದೆ ತಾನಾಗಿಯೇ ನಿಧಾನಕ್ಕೆ ಬರುತ್ತದೆ. ಹೃದಯಕ್ಕೆ ಕಣ್ಣಿಲ್ಲ, ಅದು ಪ್ರಶ್ನೆಪತ್ರಿಕೆ ಓದುವುದಿಲ್ಲ. ಹಾಗಾದರೆ ಅದಕ್ಕೆ ಸುದ್ದಿ ಮುಟ್ಟಿಸಿದ್ದು ಯಾರು? ಹೇಗೆ?

ಸುದ್ದಿ ನರಗಳ ಮೂಲಕ ಬರುತ್ತದೆ ಎಂಬುದು ವಿಜ್ಞಾನಿಗಳಿಗೆ ಬಹಳ ಹಿಂದೆಯೇ ಗೊತ್ತಿತ್ತು. ಆದರೆ ನರದ ತುದಿಯಿಂದ ಹೃದಯದ ಒಳಗೆ ಅದು ಹೇಗೆ ದಾಟುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಎರಡು ಕಪ್ಪೆಗಳ ಹೃದಯ ಮತ್ತು ಸ್ವಲ್ಪ ಉಪ್ಪುನೀರು ಇಟ್ಟುಕೊಂಡು ಇದಕ್ಕೆ ಉತ್ತರ ಹುಡುಕಿದವರು ಆಟೊ ಲೋವಿ. ಆ ಉತ್ತರಕ್ಕೆ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಎರಡು ವರ್ಷ ಕಳೆಯುವುದರೊಳಗೆ ಆ ಪ್ರಶಸ್ತಿಯ ಹಣವನ್ನೂ, ಮನೆಯನ್ನೂ, ದೇಶವನ್ನೂ ಅವರಿಂದ ಕಸಿದುಕೊಂಡರು. ಸೈನ್ಸ್ ವಿಭಾಗದ ಸ್ನೇಹಿತರಿಗೆ ಅವರ ಪ್ರಯೋಗ ಪಾಠದಲ್ಲಿ ಸಿಗಬಹುದು. ನಾನು ಕಾಮರ್ಸ್ ವಿಭಾಗದಲ್ಲಿ ಓದುತ್ತಿದ್ದೇನೆ. ಅವರ ಬದುಕು ಎಲ್ಲ ವಿಭಾಗದವರಿಗೂ ತಿಳಿದಿರಬೇಕು ಎಂದು ಅನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಬಾಲ್ಯ ಮತ್ತು ಓದು

ಆಟೊ ಲೋವಿಯವರು 1873ರ ಜೂನ್ 3ರಂದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಒಂದು ಯಹೂದಿ ಕುಟುಂಬದಲ್ಲಿ ಜನಿಸಿದರು. ತಂದೆ ಯಾಕೋಬ್ ಲೋವಿ ವ್ಯಾಪಾರಿ. ತಾಯಿಯ ಹೆಸರು ಅನ್ನಾ. ಶಾಲೆಯಲ್ಲಿ ಆಟೊಗೆ ಭಾಷೆ ಮತ್ತು ಸಾಹಿತ್ಯದಲ್ಲಿ ಒಳ್ಳೆಯ ಅಂಕ ಬರುತ್ತಿತ್ತು. ಗಣಿತ ಮತ್ತು ಭೌತಶಾಸ್ತ್ರದಲ್ಲಿ ಕಷ್ಟಪಡುತ್ತಿದ್ದರು. ಮುಂದೆ ಚಿತ್ರಕಲೆಯ ಇತಿಹಾಸ ಓದಬೇಕೆಂಬುದು ಅವರ ಆಸೆ. ಮನೆಯವರ ಆಸೆ ಬೇರೆ. ಮಗ ಡಾಕ್ಟರ್ ಆಗಲಿ ಎಂದು ಅವರು ಬಯಸಿದರು. ಈ ಮಾತುಕತೆ ನಮ್ಮ ಊರುಗಳ ಮನೆಗಳಿಗೂ ಹೊಸದಲ್ಲ. ಎಸ್‌.ಎಸ್‌.ಎಲ್‌.ಸಿ. ರಿಸಲ್ಟ್ ಬಂದ ವಾರ ಎಷ್ಟೋ ಮನೆಗಳಲ್ಲಿ ಇದೇ ನಡೆಯುತ್ತದೆ.

ಮನೆಯವರ ಮಾತಿಗೆ ಒಪ್ಪಿ 1891ರಲ್ಲಿ ಅವರು ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯಕ್ಕೆ ಸೇರಿದರು. ಇಂದು ಫ್ರಾನ್ಸ್‌ನಲ್ಲಿರುವ ಆ ನಗರ ಆಗ ಜರ್ಮನಿಗೆ ಸೇರಿತ್ತು. ಸೇರಿದ್ದು ವೈದ್ಯಕೀಯಕ್ಕಾದರೂ ಮನಸ್ಸು ಮಾತ್ರ ಹಳೆಯ ಆಸೆಯಲ್ಲೇ ಇತ್ತು. ತಮ್ಮ ತರಗತಿಗಳನ್ನು ಬಿಟ್ಟು ತತ್ತ್ವಶಾಸ್ತ್ರ ಮತ್ತು ವಾಸ್ತುಶಿಲ್ಪದ ಉಪನ್ಯಾಸಗಳಿಗೆ ಹೋಗಿ ಕೂರುತ್ತಿದ್ದರು. ಪರಿಣಾಮವಾಗಿ 1893ರಲ್ಲಿ ಮೊದಲ ವೈದ್ಯಕೀಯ ಪರೀಕ್ಷೆಯಲ್ಲಿ ಹೇಗೋ ಪಾಸಾದರು. ಮುಂದೆ ನೊಬೆಲ್ ಪಡೆಯುವ ವಿದ್ಯಾರ್ಥಿ ಇವರೇ ಎಂದು ಅಂದು ಯಾರೂ ಹೇಳಲು ಸಾಧ್ಯವಿರಲಿಲ್ಲ.

ನಿಧಾನವಾಗಿ ಆಸಕ್ತಿ ಬೆಳೆಯಿತು. ಸ್ಟ್ರಾಸ್‌ಬರ್ಗ್‌ನಲ್ಲಿ ಆಸ್ವಾಲ್ಡ್ ಶ್ಮೀಡೆಬರ್ಗ್ ಎಂಬ ಪ್ರಾಧ್ಯಾಪಕರಿದ್ದರು. ಔಷಧಗಳು ದೇಹದಲ್ಲಿ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಒಂದು ಪ್ರತ್ಯೇಕ ವಿಜ್ಞಾನವಾಗಿ ಬೆಳೆಸಿದವರಲ್ಲಿ ಅವರು ಮುಖ್ಯರು. ಅವರ ಬಳಿ ಲೋವಿಯವರು ದೇಹದಿಂದ ಹೊರತೆಗೆದ ಕಪ್ಪೆಯ ಹೃದಯದ ಮೇಲೆ ಔಷಧಗಳ ಪರಿಣಾಮವನ್ನು ಅಧ್ಯಯನ ಮಾಡಿ 1896ರಲ್ಲಿ ಡಾಕ್ಟರ್ ಪದವಿ ಪಡೆದರು. ಕಪ್ಪೆಯ ಹೃದಯದೊಂದಿಗೆ ಅವರ ಪರಿಚಯ ಶುರುವಾದದ್ದು ಹೀಗೆ.

ಆಸ್ಪತ್ರೆಯಿಂದ ಪ್ರಯೋಗಾಲಯಕ್ಕೆ

ಪದವಿಯ ನಂತರ ಅವರು ಫ್ರಾಂಕ್‌ಫರ್ಟ್‌ನ ನಗರ ಆಸ್ಪತ್ರೆಯಲ್ಲಿ ಸಹಾಯಕ ವೈದ್ಯರಾದರು. ಆ ಕಾಲದಲ್ಲಿ ಕ್ಷಯಕ್ಕೂ ನ್ಯುಮೋನಿಯಾಕ್ಕೂ ಸರಿಯಾದ ಔಷಧವಿರಲಿಲ್ಲ. ವಾರ್ಡ್‌ನಲ್ಲಿ ರೋಗಿಗಳು ಒಬ್ಬರ ನಂತರ ಒಬ್ಬರು ಸಾಯುತ್ತಿದ್ದರು, ವೈದ್ಯರು ನೋಡುತ್ತ ನಿಲ್ಲಬೇಕಾಗಿತ್ತು. ಲೋವಿಯವರಿಗೆ ಇದನ್ನು ಸಹಿಸಲು ಆಗಲಿಲ್ಲ. ರೋಗಿಯ ಪಕ್ಕದಲ್ಲಿ ಕೈಕಟ್ಟಿ ನಿಲ್ಲುವುದಕ್ಕಿಂತ ದೇಹ ಹೇಗೆ ಕೆಲಸ ಮಾಡುತ್ತದೆ ಎಂದು ಹುಡುಕುವುದೇ ತಮ್ಮ ದಾರಿ ಎಂದು ತೀರ್ಮಾನಿಸಿ, 1898ರಲ್ಲಿ ಮಾರ್‌ಬರ್ಗ್‌ನಲ್ಲಿ ಹಾನ್ಸ್ ಹಾರ್ಸ್ಟ್ ಮೇಯರ್ ಎಂಬ ಔಷಧವಿಜ್ಞಾನಿಯ ಸಹಾಯಕರಾಗಿ ಸೇರಿದರು.

ಅಲ್ಲಿ ಮೊದಲು ಹೆಸರು ಬಂದದ್ದು ಆಹಾರದ ಮೇಲಿನ ಸಂಶೋಧನೆಯಿಂದ. ನಾವು ತಿನ್ನುವ ಬೇಳೆ, ಮೊಟ್ಟೆ, ಮಾಂಸದ ಪ್ರೋಟೀನು ಹೊಟ್ಟೆಯಲ್ಲಿ ಚೂರುಚೂರಾಗುತ್ತದೆ. ಆ ಚೂರುಗಳಿಂದಲೇ ದೇಹ ಮತ್ತೆ ತನ್ನ ಪ್ರೋಟೀನನ್ನು ಕಟ್ಟಿಕೊಳ್ಳಬಲ್ಲದು ಎಂದು ಅವರು 1902ರಲ್ಲಿ ತೋರಿಸಿದರು. ಅದೇ ವರ್ಷ ಲಂಡನ್ನಿಗೆ ಹೋದಾಗ ಹೆನ್ರಿ ಡೇಲ್ ಎಂಬ ತಮಗಿಂತ ಎರಡು ವರ್ಷ ಕಿರಿಯ ಸಂಶೋಧಕರ ಪರಿಚಯವಾಯಿತು. ಇವರಿಬ್ಬರ ಸ್ನೇಹ ಮುಂದೆ ಸುಮಾರು 60 ವರ್ಷ ಉಳಿಯಿತು. ಎರಡು ಮಹಾಯುದ್ಧಗಳಲ್ಲಿ ಇವರ ದೇಶಗಳು ಎದುರುಬದುರು ನಿಂತರೂ ಅದು ಕೆಡಲಿಲ್ಲ.

1905ರ ಹೊತ್ತಿಗೆ ಲೋವಿಯವರು ತಮ್ಮ ಗುರು ಮೇಯರ್ ಅವರ ಜೊತೆ ವಿಯೆನ್ನಾಕ್ಕೆ ಬಂದಿದ್ದರು. 1908ರಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರೊಬ್ಬರ ಮಗಳಾದ ಗೀಡಾ ಅವರನ್ನು ಮದುವೆಯಾದರು. ಅವರಿಗೆ ಮೂವರು ಗಂಡುಮಕ್ಕಳು, ಒಬ್ಬ ಮಗಳು. 1909ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್ ನಗರದ ವಿಶ್ವವಿದ್ಯಾಲಯ ಅವರನ್ನು ಔಷಧವಿಜ್ಞಾನದ ಪ್ರಾಧ್ಯಾಪಕರನ್ನಾಗಿ ಕರೆಯಿತು. ಮುಂದಿನ 29 ವರ್ಷ ಅದೇ ಅವರ ಊರಾಯಿತು.

ಬ್ರೇಕ್ ಮತ್ತು ಆಕ್ಸಿಲರೇಟರ್

ಲೋವಿಯವರ ಪ್ರಯೋಗ ಅರ್ಥವಾಗಬೇಕಾದರೆ ಹೃದಯದ ಬಗ್ಗೆ ಸ್ವಲ್ಪ ತಿಳಿದಿರಬೇಕು.

ಹೃದಯ ಬಡಿಯಲು ಮೆದುಳಿನ ಅಪ್ಪಣೆ ಬೇಕಿಲ್ಲ. ಅದರ ಬಲಭಾಗದ ಮೇಲಿನ ಕೋಣೆಯಲ್ಲಿ ಒಂದು ಸಣ್ಣ ಜೀವಕೋಶಗಳ ಗುಂಪಿದೆ. ಬಡಿತ ಹುಟ್ಟುವುದು ಅಲ್ಲೇ. ಕಪ್ಪೆಯ ಹೃದಯವನ್ನು ಹೊರತೆಗೆದು ಸರಿಯಾದ ಲವಣಗಳಿರುವ ನೀರು ಕೊಟ್ಟರೆ ಅದು ಗಂಟೆಗಟ್ಟಲೆ ತಾನೇ ಬಡಿಯುತ್ತಿರುತ್ತದೆ. ಮನುಷ್ಯನ ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಬಾರಿ ಬಡಿಯುತ್ತದೆ. ಆದರೆ ಸುಮ್ಮನೆ ಕುಳಿತಾಗ ನಮ್ಮ ನಾಡಿ ಸುಮಾರು 70ರ ಆಸುಪಾಸಿನಲ್ಲಿರುತ್ತದೆ. ಉಳಿದ 30 ಬಡಿತ ಎಲ್ಲಿ ಹೋಯಿತು? ಯಾರೋ ಬ್ರೇಕ್ ಒತ್ತಿ ಹಿಡಿದಿದ್ದಾರೆ ಎಂದಾಯಿತು.

ಆ ಬ್ರೇಕ್ ವೇಗಸ್ ಎಂಬ ನರ. ಮೆದುಳಿನ ಬುಡದಿಂದ ಹೊರಟು ಕುತ್ತಿಗೆಯ ಮೂಲಕ ಇಳಿದು ಎದೆಗೂ ಹೊಟ್ಟೆಗೂ ಹೋಗುವ ಉದ್ದನೆಯ ನರ ಅದು. ಅದನ್ನು ವಿದ್ಯುತ್ತಿನಿಂದ ಕೆರಳಿಸಿದರೆ ಹೃದಯ ನಿಧಾನವಾಗುತ್ತದೆ ಎಂದು ಜರ್ಮನಿಯ ವೇಬರ್ ಸಹೋದರರು 1845ರಲ್ಲೇ ತೋರಿಸಿದ್ದರು. ಇನ್ನೊಂದು ಕಡೆಯಿಂದ, ಬೆನ್ನುಹುರಿಯಿಂದ ಹೊರಡುವ ಸಿಂಪಥೆಟಿಕ್ ನರಗಳು ಬರುತ್ತವೆ. ಅವು ಆಕ್ಸಿಲರೇಟರ್ ಇದ್ದಂತೆ. ಭಯ, ಕೋಪ, ಓಟ, ಪರೀಕ್ಷೆ, ಇವೆಲ್ಲದರಲ್ಲೂ ಅವು ಹೃದಯವನ್ನು ವೇಗವಾಗಿಯೂ ಜೋರಾಗಿಯೂ ಬಡಿಯುವಂತೆ ಮಾಡುತ್ತವೆ. ಬ್ರೇಕ್ ಸಡಿಲವಾಗಿ ಆಕ್ಸಿಲರೇಟರ್ ಒತ್ತಿದರೆ ಎದೆ ಡವಡವ. ಬ್ರೇಕ್ ಮತ್ತೆ ಬಿದ್ದರೆ ಸಮಾಧಾನ.

ಇಷ್ಟು ಗೊತ್ತಿತ್ತು. ಗೊತ್ತಿಲ್ಲದ್ದು ಒಂದೇ. ನರದ ತುದಿ ಹೃದಯದ ಜೀವಕೋಶಕ್ಕೆ ಹೇಗೆ ಮಾತು ದಾಟಿಸುತ್ತದೆ? ತಂತಿಯಲ್ಲಿ ಕರೆಂಟ್ ಹರಿಯುವಂತೆ ವಿದ್ಯುತ್ತೇ ನೇರವಾಗಿ ಹಾರಿಹೋಗುತ್ತದೆ ಎಂದು ಹೆಚ್ಚಿನವರು ನಂಬಿದ್ದರು. ಆದರೆ ಅದರಲ್ಲಿ ಒಂದು ಸಿಕ್ಕು ಇತ್ತು. ಎರಡೂ ನರಗಳಲ್ಲಿ ಹರಿಯುವುದು ಒಂದೇ ಬಗೆಯ ವಿದ್ಯುತ್ತಾದರೆ, ಒಂದು ಹೃದಯವನ್ನು ನಿಧಾನ ಮಾಡುವುದು, ಇನ್ನೊಂದು ವೇಗ ಮಾಡುವುದು ಹೇಗೆ?

ಮರೆತುಹೋದ ಯೋಚನೆ

1903ರಲ್ಲಿ ಸ್ನೇಹಿತರೊಬ್ಬರ ಜೊತೆ ಮಾತಾಡುತ್ತಿದ್ದಾಗ ಲೋವಿಯವರಿಗೆ ಒಂದು ಯೋಚನೆ ಹೊಳೆದಿತ್ತು. ನರದ ತುದಿಯಲ್ಲಿ ಯಾವುದೋ ರಾಸಾಯನಿಕ ಹೊರಬರುತ್ತಿರಬಹುದು, ಅದೇ ಹೃದಯಕ್ಕೆ ಸಂದೇಶ ಮುಟ್ಟಿಸುತ್ತಿರಬಹುದು. ಎರಡು ನರ, ಎರಡು ರಾಸಾಯನಿಕ. ಆಗ ಸಿಕ್ಕು ಬಿಡಿಸಿಕೊಳ್ಳುತ್ತದೆ. ಕೇಂಬ್ರಿಜ್‌ನ ಟಿ. ಆರ್. ಎಲಿಯಟ್ ಎಂಬ ಯುವಕನೂ 1904ರಲ್ಲಿ ಇಂಥದೇ ಮಾತನ್ನು ಅಡ್ರಿನಾಲಿನ್ ಬಗ್ಗೆ ಬರೆದರು. ಆದರೆ ಯೋಚನೆಯನ್ನು ಸಾಬೀತು ಮಾಡುವ ಉಪಾಯ ಯಾರಿಗೂ ತೋಚಲಿಲ್ಲ. ಲೋವಿಯವರಂತೂ ಬೇರೆ ಕೆಲಸಗಳಲ್ಲಿ ಮುಳುಗಿ ಅದನ್ನು ಮರೆತೇಬಿಟ್ಟರು. ಆ ಯೋಚನೆ ಸುಮಾರು 17 ವರ್ಷ ಮಲಗಿತ್ತು. ನಮ್ಮಲ್ಲಿ ಎಷ್ಟೋ ಜನರ ಇಡೀ ವಯಸ್ಸೇ ಅಷ್ಟು.

ಅದು ಎದ್ದದ್ದು ಒಂದು ಕನಸಿನಲ್ಲಿ. ಈಸ್ಟರ್ ಹಬ್ಬದ ಹಿಂದಿನ ರಾತ್ರಿ ಅವರಿಗೆ ಎಚ್ಚರವಾಯಿತು. ದೀಪ ಹಚ್ಚಿ ಒಂದು ಸಣ್ಣ ಚೀಟಿಯಲ್ಲಿ ಏನೋ ಗೀಚಿ ಮತ್ತೆ ಮಲಗಿದರು. ಬೆಳಿಗ್ಗೆ ಆರು ಗಂಟೆಗೆ ಎದ್ದಾಗ ರಾತ್ರಿ ಬಹಳ ಮುಖ್ಯವಾದದ್ದೇನೋ ಬರೆದಿಟ್ಟ ನೆನಪು. ಚೀಟಿ ನೋಡಿದರೆ ಅವರ ಅಕ್ಷರ ಅವರಿಗೇ ಓದಲು ಬರಲಿಲ್ಲ. ದಿನವಿಡೀ ಚಡಪಡಿಸಿದರು. ಮರುರಾತ್ರಿ ಮೂರು ಗಂಟೆಗೆ ಅದೇ ಯೋಚನೆ ಮತ್ತೆ ಬಂತು. ಈ ಸಲ ಅವರು ಚೀಟಿಯನ್ನು ನಂಬಲಿಲ್ಲ. ಹಾಸಿಗೆಯಿಂದ ಎದ್ದವರೇ ನೇರವಾಗಿ ಪ್ರಯೋಗಾಲಯಕ್ಕೆ ಹೋದರು.

ನಮ್ಮ ಮನೆಗಳಲ್ಲಿ ಕನಸಿಗೆ ಅರ್ಥ ಹೇಳುವ ಹಿರಿಯರು ಇರುತ್ತಾರೆ. ಲೋವಿಯವರೂ ತಮ್ಮ ಕನಸಿಗೆ ಮುಂದೆ ತಾವೇ ಒಂದು ಅರ್ಥ ಹೇಳಿದರು. ಆ ಕನಸಿಗಿಂತ ಎರಡು ವರ್ಷ ಮೊದಲು ಅವರು ಬೇರೊಂದು ಕೆಲಸಕ್ಕಾಗಿ ಕಪ್ಪೆಯ ಹೃದಯದೊಳಗಿನ ದ್ರಾವಣವನ್ನು ತೆಗೆದು ಪರೀಕ್ಷಿಸುವ ವಿಧಾನವನ್ನು ಬಳಸಿದ್ದರು. 1903ರ ಯೋಚನೆಯೂ ಆ ವಿಧಾನವೂ ಮನಸ್ಸಿನಲ್ಲಿ ಬೇರೆ ಬೇರೆ ಬಿದ್ದಿದ್ದವು. ನಿದ್ದೆಯಲ್ಲಿ ಅವೆರಡೂ ಒಂದಾದವು ಎಂಬುದು ಅವರ ವಿವರಣೆ. ಅಂದರೆ ಕನಸು ಪುಕ್ಕಟೆಯಾಗಿ ಬಂದದ್ದೇನಲ್ಲ. ವರ್ಷಗಳ ಕೆಲಸ ಅದರ ಹಿಂದೆ ಇತ್ತು. ಹಗಲಿನಲ್ಲಿ ಕೂತು ಲೆಕ್ಕ ಹಾಕಿದ್ದರೆ ಈ ಪ್ರಯೋಗ ಮಾಡುತ್ತಲೇ ಇರಲಿಲ್ಲ ಎಂದೂ ಅವರು ಹೇಳಿದ್ದಾರೆ. ನರದ ತುದಿಯಲ್ಲಿ ಹೊರಬರುವ ರಾಸಾಯನಿಕ ದ್ರಾವಣಕ್ಕೆ ಸೇರುವಷ್ಟು ಹೆಚ್ಚಾಗಿರುತ್ತದೆ ಎಂದು ನಂಬಲು ಆಗ ಯಾವ ಕಾರಣವೂ ಇರಲಿಲ್ಲ.

ಎರಡು ಹೃದಯಗಳು

ಪ್ರಯೋಗ ಬಹಳ ಸರಳ. ಎರಡು ಕಪ್ಪೆಗಳ ಹೃದಯ ತೆಗೆದುಕೊಂಡರು. ಮೊದಲನೆಯದರಲ್ಲಿ ವೇಗಸ್ ನರವನ್ನು ಹಾಗೆಯೇ ಉಳಿಸಿಕೊಂಡರು. ಎರಡನೆಯದಕ್ಕೆ ನರ ಇಲ್ಲ. ಎರಡಕ್ಕೂ ಲವಣದ ದ್ರಾವಣ ತುಂಬಿದ ಸಣ್ಣ ನಳಿಗೆ ಜೋಡಿಸಿದರು. ಎರಡೂ ಬಡಿಯುತ್ತಿದ್ದವು.

ಮೊದಲ ಹೃದಯದ ವೇಗಸ್ ನರವನ್ನು ಕೆಲವು ನಿಮಿಷ ವಿದ್ಯುತ್ತಿನಿಂದ ಕೆರಳಿಸಿದರು. ನಿರೀಕ್ಷೆಯಂತೆ ಅದು ನಿಧಾನವಾಯಿತು. ಆಮೇಲೆ ಆ ಹೃದಯದೊಳಗಿದ್ದ ದ್ರಾವಣವನ್ನು ತೆಗೆದು ಎರಡನೆಯ ಹೃದಯಕ್ಕೆ ಹಾಕಿದರು. ಅದಕ್ಕೆ ನರವೂ ಇಲ್ಲ, ಅದನ್ನು ಯಾರೂ ಕೆರಳಿಸಿಯೂ ಇಲ್ಲ. ಆದರೂ ತನ್ನದೇ ವೇಗಸ್ ನರವನ್ನು ಕೆರಳಿಸಿದರೋ ಎಂಬಂತೆ ಅದೂ ನಿಧಾನವಾಯಿತು. ನಂತರ ಮೊದಲ ಹೃದಯದ ವೇಗ ಹೆಚ್ಚಿಸುವ ನರವನ್ನು ಕೆರಳಿಸಿ ಅದರ ದ್ರಾವಣವನ್ನು ಹಾಕಿದಾಗ ಎರಡನೆಯ ಹೃದಯ ವೇಗವಾಗಿ ಬಡಿಯಿತು.

ವಿದ್ಯುತ್ತನ್ನು ಬಾಟಲಿಯಿಂದ ಬಾಟಲಿಗೆ ಸುರಿಯಲು ಆಗುವುದಿಲ್ಲ. ಆದ್ದರಿಂದ ಆ ನೀರಿನಲ್ಲಿ ಏನೋ ಒಂದು ವಸ್ತು ಇರಲೇಬೇಕು. ಲೋವಿಯವರು ಅದಕ್ಕೆ ವೇಗಸ್‌ಸ್ಟಾಫ್, ಅಂದರೆ ವೇಗಸ್ ನರದ ವಸ್ತು ಎಂದು ಸರಳವಾಗಿ ಹೆಸರಿಟ್ಟು 1921ರಲ್ಲಿ ಪ್ರಕಟಿಸಿದರು. ಗೊತ್ತಿಲ್ಲದ ವಸ್ತುವಿಗೆ ಅವಸರದಲ್ಲಿ ರಾಸಾಯನಿಕದ ಹೆಸರು ಕೊಡಲಿಲ್ಲ ಎಂಬುದನ್ನು ಗಮನಿಸಬೇಕು.

ಎಲ್ಲರೂ ಕೂಡಲೇ ಒಪ್ಪಲಿಲ್ಲ. ಬೇರೆಯವರು ಇದೇ ಪ್ರಯೋಗ ಮಾಡಿದಾಗ ಕೆಲವರಿಗೆ ಫಲಿತಾಂಶ ಬರಲೇ ಇಲ್ಲ. ಅದಕ್ಕೆ ಕಾರಣವೂ ಇತ್ತು. ಕಪ್ಪೆಯಲ್ಲಿ ವೇಗಸ್ ನರದ ಜೊತೆ ವೇಗ ಹೆಚ್ಚಿಸುವ ನರದ ಎಳೆಗಳೂ ಸೇರಿಕೊಂಡಿರುತ್ತವೆ. ಋತು ಬದಲಾದರೆ ಪರಿಣಾಮವೂ ಬದಲಾಗುತ್ತದೆ. ಜೊತೆಗೆ ಆ ವಸ್ತು ಬೆಚ್ಚಗಿನ ವಾತಾವರಣದಲ್ಲಿ ಬೇಗನೆ ಹಾಳಾಗುತ್ತದೆ. ಸಂದೇಹಗಳು ಐದು ವರ್ಷ ನಡೆದವು. 1926ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಶರೀರವಿಜ್ಞಾನಿಗಳ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಲೋವಿಯವರು ಎಲ್ಲರ ಕಣ್ಣೆದುರೇ ಪ್ರಯೋಗ ಮಾಡಿದರು. ಒಂದೇ ಹೃದಯದ ಮೇಲೆ 18 ಬಾರಿ ಮಾಡಿದರು. 18 ಸಲವೂ ಅದೇ ಫಲಿತಾಂಶ.

ಅದೇ ವರ್ಷ ಸಹೋದ್ಯೋಗಿ ನವ್ರಾಟಿಲ್ ಜೊತೆ ಸೇರಿ ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ವೇಗಸ್ ವಸ್ತು ಅಸಿಟೈಲ್‌ಕೋಲಿನ್‌ನಂತೆಯೇ ವರ್ತಿಸುತ್ತದೆ, ಅದನ್ನು ಒಡೆಯುವ ಒಂದು ಕಿಣ್ವ ಹೃದಯದಲ್ಲೇ ಇದೆ ಎಂದು ತೋರಿಸಿದರು. ಈ ಕಿಣ್ವ ಇರುವುದರಿಂದಲೇ ಬ್ರೇಕ್ ಒತ್ತಿದ ಕ್ಷಣ ಒತ್ತಿ, ಬಿಟ್ಟ ಕೂಡಲೇ ಸಡಿಲವಾಗುತ್ತದೆ. ಇಲ್ಲದಿದ್ದರೆ ಒಮ್ಮೆ ನಿಧಾನವಾದ ಹೃದಯ ಹಾಗೆಯೇ ಉಳಿದುಬಿಡುತ್ತಿತ್ತು. ಅಸಿಟೈಲ್‌ಕೋಲಿನ್ ಪ್ರಾಣಿಗಳ ದೇಹದಲ್ಲಿ ನಿಜಕ್ಕೂ ಇದೆ ಎಂದು 1929ರಲ್ಲಿ ತೋರಿಸಿದವರು ಹಳೆಯ ಸ್ನೇಹಿತ ಹೆನ್ರಿ ಡೇಲ್ ಮತ್ತು ಅವರ ಜೊತೆಗಾರ ಡಡ್ಲಿ. 1936ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಲೋವಿ ಮತ್ತು ಡೇಲ್ ಇಬ್ಬರಿಗೂ ಹಂಚಿಕೆಯಾಯಿತು.

ಬಿ.ಪಿ. ಹೇಗೆ ಸರಿಯಾಗಿರುತ್ತದೆ

ನರ ಮತ್ತು ಹೃದಯದ ಈ ಮಾತುಕತೆ ನಾಡಿಗೆ ಮಾತ್ರ ಸೀಮಿತವಲ್ಲ. ನಮ್ಮ ಮನೆಯ ಹಿರಿಯರು ಬಿ.ಪಿ. ಎಂದು ಕರೆಯುವ ರಕ್ತದೊತ್ತಡವೂ ಇದರಿಂದಲೇ ನಡೆಯುತ್ತದೆ. ಪೈಪಿನಲ್ಲಿ ನೀರಿನ ಒತ್ತಡ ಎರಡು ಸಂಗತಿಗಳ ಮೇಲೆ ನಿಂತಿದೆ. ಪಂಪ್ ಎಷ್ಟು ನೀರು ತಳ್ಳುತ್ತದೆ, ಪೈಪ್ ಎಷ್ಟು ಕಿರಿದಾಗಿದೆ. ದೇಹದಲ್ಲಿ ಪಂಪ್ ಎಂದರೆ ಹೃದಯ, ಪೈಪ್ ಎಂದರೆ ರಕ್ತನಾಳ. ಸಿಂಪಥೆಟಿಕ್ ನರಗಳು ಹೃದಯವನ್ನೂ ಜೋರು ಮಾಡುತ್ತವೆ, ಸಣ್ಣ ರಕ್ತನಾಳಗಳನ್ನೂ ಬಿಗಿ ಮಾಡುತ್ತವೆ. ಎರಡರಿಂದಲೂ ಒತ್ತಡ ಏರುತ್ತದೆ.

ಹಾಗಾದರೆ ಒತ್ತಡ ಎಷ್ಟಿದೆ ಎಂದು ಮೆದುಳಿಗೆ ತಿಳಿಯುವುದು ಹೇಗೆ? ಕುತ್ತಿಗೆಯ ಎರಡೂ ಬದಿಯಲ್ಲಿ ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ ಇಬ್ಭಾಗವಾಗುವ ಜಾಗದಲ್ಲಿ ಮತ್ತು ಹೃದಯದಿಂದ ಹೊರಡುವ ಮಹಾಪಧಮನಿಯ ಬಾಗಿನಲ್ಲಿ ಒತ್ತಡ ಅಳೆಯುವ ನರದ ತುದಿಗಳಿವೆ. ನಾಳ ಹಿಗ್ಗಿದರೆ ಅವು ಮೆದುಳಿನ ಬುಡಕ್ಕೆ ಹೆಚ್ಚು ಸುದ್ದಿ ಕಳಿಸುತ್ತವೆ, ಕುಗ್ಗಿದರೆ ಕಡಿಮೆ. ಬೆಲ್ಜಿಯಂನ ಗೆಂಟ್ ನಗರದಲ್ಲಿ ಕಾರ್ನೇ ಹೇಮಾನ್ಸ್ ಈ ಜಾಗಗಳು ಹೇಗೆ ಕೆಲಸ ಮಾಡುತ್ತವೆ ಎಂದು ಪ್ರಯೋಗಗಳಿಂದ ಬಿಡಿಸಿ ತೋರಿಸಿದರು. ಅವರಿಗೆ 1938ರ ನೊಬೆಲ್ ಬಂತು.

ಇದರ ಕೆಲಸವನ್ನು ನಾವು ದಿನಕ್ಕೆ ಐದು ಹೊತ್ತು ಅರಿಯದೇ ಅನುಭವಿಸುತ್ತೇವೆ. ನಮಾಜಿನಲ್ಲಿ ಸಜ್ದಾದಲ್ಲಿ ತಲೆ ಕೆಳಗಿರುತ್ತದೆ. ಎದ್ದು ನಿಂತ ಕೂಡಲೇ ರಕ್ತ ಕಾಲುಗಳ ಕಡೆಗೆ ಇಳಿಯುತ್ತದೆ, ಕುತ್ತಿಗೆಯ ನಾಳದಲ್ಲಿ ಒತ್ತಡ ಕಡಿಮೆಯಾಗುತ್ತದೆ. ಆ ಸುದ್ದಿ ಮೆದುಳಿನ ಬುಡಕ್ಕೆ ಮುಟ್ಟಿದ ತಕ್ಷಣ ವೇಗಸ್ ಬ್ರೇಕ್ ಸಡಿಲವಾಗುತ್ತದೆ, ಹೃದಯ ಸ್ವಲ್ಪ ವೇಗವಾಗುತ್ತದೆ, ಕಾಲಿನ ನಾಳಗಳು ಬಿಗಿಯಾಗುತ್ತವೆ. ಇದೆಲ್ಲ ಕೆಲವೇ ಸೆಕೆಂಡುಗಳಲ್ಲಿ ಮುಗಿಯುವುದರಿಂದ ನಮಗೆ ತಲೆ ತಿರುಗುವುದಿಲ್ಲ. ವಯಸ್ಸಾದ ದಾದಾ, ನಾನಿಯರು ಎದ್ದಾಗ ಗೋಡೆ ಹಿಡಿದು ಒಂದು ಕ್ಷಣ ನಿಲ್ಲುವುದನ್ನು ನೋಡಿರುತ್ತೇವೆ. ವಯಸ್ಸಾದಂತೆ ಈ ವ್ಯವಸ್ಥೆ ನಿಧಾನವಾಗುವುದು ಅದಕ್ಕೆ ಒಂದು ಕಾರಣ.

ನರದ ಮಾತು ರಾಸಾಯನಿಕದಲ್ಲಿದೆ ಎಂದು ಗೊತ್ತಾದ ಮೇಲೆ ಅದನ್ನು ಔಷಧದಿಂದ ತಡೆಯಬಹುದು, ಬೆಳೆಸಬಹುದು ಎಂಬ ದಾರಿ ಸ್ಪಷ್ಟವಾಯಿತು. ಹೃದಯ ತೀರಾ ನಿಧಾನವಾದಾಗ ಆಸ್ಪತ್ರೆಯಲ್ಲಿ ಕೊಡುವ ಅಟ್ರೋಪಿನ್ ಅಸಿಟೈಲ್‌ಕೋಲಿನ್‌ನ ಮಾತನ್ನು ತಡೆಯುತ್ತದೆ. 1960ರ ದಶಕದಲ್ಲಿ ಜೇಮ್ಸ್ ಬ್ಲ್ಯಾಕ್ ಕಂಡುಹಿಡಿದ ಬೀಟಾ ಬ್ಲಾಕರ್ ಔಷಧಗಳು ಅಡ್ರಿನಾಲಿನ್‌ನ ಮಾತನ್ನು ತಡೆದು ಹೃದಯದ ಶ್ರಮ ಕಡಿಮೆ ಮಾಡುತ್ತವೆ. ನಮ್ಮ ಹಳ್ಳಿಗಳಲ್ಲಿ ಕೆಲವು ಬಗೆಯ ಕೀಟನಾಶಕ ದೇಹಕ್ಕೆ ಸೇರಿ ಜೀವಕ್ಕೆ ಅಪಾಯವಾಗುವುದೂ ಇದೇ ಜಾಗದಲ್ಲಿ. ಅವು ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವವನ್ನೇ ನಿಲ್ಲಿಸಿಬಿಡುತ್ತವೆ. ಅಲ್ಲಿಯೂ ವೈದ್ಯರು ಕೊಡುವುದು ಅಟ್ರೋಪಿನ್.

1938ರ ಮಾರ್ಚ್

ನೊಬೆಲ್ ಬಂದು ಎರಡು ವರ್ಷವೂ ಆಗಿರಲಿಲ್ಲ. 1938ರ ಮಾರ್ಚ್‌ನಲ್ಲಿ ಹಿಟ್ಲರನ ಜರ್ಮನಿ ಆಸ್ಟ್ರಿಯಾವನ್ನು ನುಂಗಿತು. ನಾಜಿಗಳ ಕೈಗೆ ಅಧಿಕಾರ ಹೋದ ಆ ರಾತ್ರಿಯೇ ಗ್ರಾಟ್ಸ್‌ನಲ್ಲಿ ಬಂದೂಕು ಹಿಡಿದ ಹತ್ತು ಹನ್ನೆರಡು ಯುವಕರು ಲೋವಿಯವರ ಮಲಗುವ ಕೋಣೆಗೆ ನುಗ್ಗಿದರು. 64 ವರ್ಷದ ಪ್ರಾಧ್ಯಾಪಕರನ್ನು ಹಾಸಿಗೆಯಿಂದ ಎಬ್ಬಿಸಿ ಜೈಲಿಗೆ ಎಳೆದೊಯ್ದರು. ಇಬ್ಬರು ಗಂಡುಮಕ್ಕಳನ್ನೂ ಬಂಧಿಸಿದರು. ಅವರು ಯಾವ ಅಪರಾಧವನ್ನೂ ಮಾಡಿರಲಿಲ್ಲ. ಯಹೂದಿಯಾಗಿ ಹುಟ್ಟಿದ್ದರು, ಅಷ್ಟೇ. 29 ವರ್ಷ ಆ ಊರಿನ ಮಕ್ಕಳಿಗೆ ಪಾಠ ಹೇಳಿದ್ದು ಒಂದೇ ರಾತ್ರಿಯಲ್ಲಿ ಲೆಕ್ಕಕ್ಕೆ ಬಾರದಂತಾಯಿತು.

ಜೈಲಿನಲ್ಲಿ ತಮ್ಮನ್ನು ಕೊಲ್ಲುತ್ತಾರೆಂದೇ ಅವರಿಗೆ ಅನಿಸಿತ್ತು. ಆಗ ಅವರನ್ನು ಕಾಡಿದ್ದು ಇತ್ತೀಚೆಗೆ ಮುಗಿಸಿದ್ದ ಒಂದು ಪ್ರಯೋಗ. ಅದರ ಫಲಿತಾಂಶ ಇನ್ನೂ ಪ್ರಕಟವಾಗಿರಲಿಲ್ಲ. ತಾವು ಸತ್ತರೆ ಅದೂ ತಮ್ಮ ಜೊತೆಗೇ ಹೋಗುತ್ತದೆ. ಅವರು ಕಾವಲುಗಾರನಲ್ಲಿ ಒಂದು ಪೋಸ್ಟ್‌ಕಾರ್ಡ್ ಮತ್ತು ಪೆನ್ನು ಕೇಳಿದರು. ಅದು ಸಿಕ್ಕಿತು. ಫಲಿತಾಂಶವನ್ನು ಆ ಕಾರ್ಡಿನಲ್ಲೇ ಬರೆದು ಒಂದು ವಿಜ್ಞಾನ ಪತ್ರಿಕೆಗೆ ಕಳಿಸಿದರು. ಆಮೇಲೆ ಅವರ ಮನಸ್ಸು ಹಗುರವಾಯಿತು. ಅವರ ಬದುಕಿನಲ್ಲಿ ಕನಸಿನ ರಾತ್ರಿಯ ಕಥೆಯೇ ಹೆಚ್ಚು ಪ್ರಸಿದ್ಧ. ನನಗೆ ಮಾತ್ರ ಈ ಪೋಸ್ಟ್‌ಕಾರ್ಡ್ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸಾವು ಬಾಗಿಲಲ್ಲಿ ನಿಂತಿದೆ ಎಂದುಕೊಂಡಿದ್ದ ಮನುಷ್ಯ ಉಳಿಸಲು ಬಯಸಿದ್ದು ತಾನು ಕಂಡ ಸತ್ಯವನ್ನು.

ಸುಮಾರು ಎರಡು ತಿಂಗಳ ನಂತರ ಅವರನ್ನು ಬಿಟ್ಟರು. ಆದರೆ ದೇಶ ಬಿಟ್ಟು ಹೋಗಲು ಒಂದು ಷರತ್ತು ಇತ್ತು. ಅವರ ನೊಬೆಲ್ ಹಣ ಸ್ಟಾಕ್‌ಹೋಮ್‌ನ ಬ್ಯಾಂಕಿನಲ್ಲಿತ್ತು. ಅದನ್ನು ನಾಜಿಗಳ ಹಿಡಿತದಲ್ಲಿದ್ದ ಬ್ಯಾಂಕಿಗೆ ವರ್ಗಾಯಿಸುವಂತೆ ಅವರ ಕೈಯಿಂದಲೇ ಆದೇಶ ಬರೆಸಿಕೊಂಡರು. ಅಕೌಂಟೆನ್ಸಿಯಲ್ಲಿ ಪ್ರತಿ ವರ್ಗಾವಣೆಗೂ ಒಂದು ವೋಚರ್ ಇರಬೇಕು ಎಂದು ನಮಗೆ ಕಲಿಸುತ್ತಾರೆ. ಇಲ್ಲಿಯೂ ಕಾಗದ ಇತ್ತು, ಸಹಿ ಇತ್ತು, ಬ್ಯಾಂಕ್ ಇತ್ತು. ದಾಖಲೆಯಲ್ಲಿ ಎಲ್ಲ ಸರಿಯಾಗಿಯೇ ಕಾಣುವಂತೆ ದರೋಡೆ ಮಾಡಬಹುದು ಎಂಬುದನ್ನು ಲೆಕ್ಕ ಕಲಿಯುವ ನಾವು ನೆನಪಿಡಬೇಕು.

1938ರ ಸೆಪ್ಟೆಂಬರ್ 28ರಂದು ಅವರು ಬರಿಗೈಯಲ್ಲಿ ಲಂಡನ್ನಿಗೆ ಹೊರಟರು. ಹೆಂಡತಿ ಗೀಡಾ ಅವರನ್ನು ಜೊತೆಗೆ ಕಳಿಸಲಿಲ್ಲ. ಆಕೆಯ ಹೆಸರಿನಲ್ಲಿದ್ದ ಆಸ್ತಿಯನ್ನು ಬಿಟ್ಟುಕೊಡಲಿ ಎಂದು ತಡೆದಿಟ್ಟುಕೊಂಡರು. ಗಂಡ ಹೆಂಡತಿ ಮತ್ತೆ ಒಂದಾದದ್ದು 1941ರಲ್ಲಿ.

ಎರಡನೆಯ ಬದುಕು

ಲೋವಿಯವರು ಬ್ರಸೆಲ್ಸ್‌ನಲ್ಲಿ ಕೆಲಕಾಲ ಕೆಲಸ ಮಾಡಿದರು. ಅವರು ಇಂಗ್ಲೆಂಡಿಗೆ ಬಂದಿದ್ದಾಗ ಯುದ್ಧ ಶುರುವಾಯಿತು. ಅಲ್ಲಿ ಆಕ್ಸ್‌ಫರ್ಡ್‌ನಲ್ಲಿ ಇದ್ದರು. 1940ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯ ಅವರನ್ನು ಸಂಶೋಧನಾ ಪ್ರಾಧ್ಯಾಪಕರಾಗಿ ಕರೆಯಿತು. ಹಡಗು ನ್ಯೂಯಾರ್ಕ್ ಮುಟ್ಟಿದಾಗ ಅಧಿಕಾರಿಯ ಮೇಜಿನ ಮೇಲಿದ್ದ ತಮ್ಮ ವೈದ್ಯಕೀಯ ಪ್ರಮಾಣಪತ್ರ ಅವರ ಕಣ್ಣಿಗೆ ಬಿತ್ತು. ಇವರು ಮುಪ್ಪಿನಿಂದ ದುರ್ಬಲರು, ಸ್ವಂತ ದುಡಿಮೆಯಿಂದ ಬದುಕಲಾರರು ಎಂಬ ಅರ್ಥದ ಬರಹ ಅದರಲ್ಲಿತ್ತು. ತಮ್ಮನ್ನು ಮತ್ತೆ ಹಿಟ್ಲರನ ಕೈಗೆ ಹಿಂದಕ್ಕೆ ಕಳಿಸುತ್ತಾರೆ ಎಂದು ಅವರಿಗೆ ನಡುಕ ಹುಟ್ಟಿತು. ಅದೃಷ್ಟವಶಾತ್ ಅಧಿಕಾರಿ ಆ ಕಾಗದಕ್ಕೆ ಬೆಲೆ ಕೊಡಲಿಲ್ಲ. ದುಡಿಯಲಾರರು ಎಂದು ಬರೆಸಿಕೊಂಡ ಆ ಮನುಷ್ಯ ಆಮೇಲೆ 21 ವರ್ಷ ಬದುಕಿದರು, ಓದಿದರು, ಪಾಠ ಹೇಳಿದರು.

1946ರಲ್ಲಿ ಅವರು ಅಮೆರಿಕದ ಪ್ರಜೆಯಾದರು. ಬೇಸಿಗೆಯಲ್ಲಿ ಮ್ಯಾಸಚೂಸೆಟ್ಸ್‌ನ ವುಡ್ಸ್ ಹೋಲ್ ಎಂಬ ಕಡಲ ತೀರದ ಊರಿಗೆ ಹೋಗುತ್ತಿದ್ದರು. ಅಲ್ಲಿಯ ಪ್ರಯೋಗಾಲಯಕ್ಕೆ ದೇಶದ ಬೇರೆ ಬೇರೆ ಕಡೆಯ ವಿಜ್ಞಾನಿಗಳೂ ವಿದ್ಯಾರ್ಥಿಗಳೂ ಬರುತ್ತಿದ್ದರು. 1954ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ವಿದೇಶಿ ಸದಸ್ಯರನ್ನಾಗಿ ಆರಿಸಿತು. 1958ರಲ್ಲಿ ಪತ್ನಿ ಗೀಡಾ ತೀರಿಕೊಂಡರು. 1961ರ ಡಿಸೆಂಬರ್ 25ರಂದು ನ್ಯೂಯಾರ್ಕ್‌ನಲ್ಲಿ ಲೋವಿಯವರು ನಿಧನರಾದರು. ಆಗ ಅವರಿಗೆ 88 ವರ್ಷ.

ಇಲ್ಮ್ ಯಾರೂ ಕದಿಯಲಾಗದ ಸಂಪತ್ತು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಕನ್ನಡದಲ್ಲೂ ವಿದ್ಯೆಯ ಬಗ್ಗೆ ಇದೇ ಮಾತಿದೆ. ಚಿಕ್ಕಂದಿನಿಂದ ಕೇಳಿ ಕೇಳಿ ಅದು ನಮಗೆ ಗೋಡೆಯ ಮೇಲಿನ ಬರಹದಂತೆ ಆಗಿಹೋಗಿದೆ. ಲೋವಿಯವರ ಬದುಕಿನಲ್ಲಿ ಆ ಮಾತಿಗೆ ನಿಜವಾದ ಪರೀಕ್ಷೆ ನಡೆಯಿತು. ಅವರ ಹಣ ಹೋಯಿತು, ಮನೆ ಹೋಯಿತು, ಪ್ರಯೋಗಾಲಯ ಹೋಯಿತು, ಹೆಂಡತಿಯ ಜೊತೆಗಿನ ಮೂರು ವರ್ಷಗಳು ಹೋದವು. ನರ ಹೃದಯದೊಂದಿಗೆ ಹೇಗೆ ಮಾತಾಡುತ್ತದೆ ಎಂಬ ತಿಳಿವಳಿಕೆಯನ್ನು ಮಾತ್ರ ಯಾರಿಂದಲೂ ಯಾವ ಬ್ಯಾಂಕಿಗೂ ವರ್ಗಾಯಿಸಲು ಆಗಲಿಲ್ಲ. ಅವರು ಅದನ್ನು ಆಗಲೇ ಎಲ್ಲರಿಗೂ ಕೊಟ್ಟುಬಿಟ್ಟಿದ್ದರು. ಇಂದು ಯಾವ ಊರಿನ ಆಸ್ಪತ್ರೆಯಲ್ಲೇ ಆಗಲಿ, ಯಾವ ಜಾತಿ ಧರ್ಮದ ರೋಗಿಯೇ ಆಗಲಿ, ಕುಸಿಯುತ್ತಿರುವ ನಾಡಿಯನ್ನು ಔಷಧದಿಂದ ಎತ್ತುವ ವೈದ್ಯರ ಕೈಯಲ್ಲಿ ಅದರ ಒಂದು ಪಾಲು ಇದೆ.